ಹಂಪಿಯ ಬಂಡೆಗೆ ಒಪ್ಪುವ ಬೂದು ಯಾವುದು?

ಹಂಪಿಯ ಹೇಮಕೂಟದ ಬಂಡೆಗಳನ್ನು ಜಲವರ್ಣದಲ್ಲಿ ಬರೆಯಲು ಕುಳಿತಾಗಲೆಲ್ಲ ನನ್ನನ್ನು ಕಾಡಿದ್ದು ಬೂದುಬಣ್ಣ. ದೂರದಿಂದ ಒಂದೇ ಬೂದಾಗಿ ತೋರುವ ಆ ಗ್ರಾನೈಟ್, ಹತ್ತಿರ ಹೋದರೆ ಬಿಸಿಲು ಬಿದ್ದ ಮೈಯಲ್ಲಿ ಕೆಂಪಿಗೂ ನೆರಳಿನ ಮಗ್ಗುಲಲ್ಲಿ ನೀಲಿಗೂ ಹೊರಳುತ್ತದೆ. ಹಾಗಾಗಿ ಒಂದೇ ಬಂಡೆಯನ್ನು, 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಒಂದೇ ಬಗೆಯ ಕಾಗದದ ಮೇಲೆ, ಮೂರು ಬೂದುಗಳಲ್ಲಿ ಬರೆದು ನೋಡಿದೆ.

ಮೊದಲನೆಯದು ಐವರಿ ಬ್ಲ್ಯಾಕ್ ಎಂಬ ಕಪ್ಪು ಮತ್ತು ಬಿಳಿಯ ಮಿಶ್ರಣ. ತೈಲವರ್ಣದಲ್ಲಿ ಈ ಜೋಡಿ ತುಸು ನೀಲಿಯತ್ತ ವಾಲುವ ಒಳ್ಳೆಯ ಬೂದನ್ನೇ ಕೊಡುತ್ತದೆ. ಆದರೆ ಜಲವರ್ಣದಲ್ಲಿ ಬೆಳಕು ಬರಬೇಕಾದದ್ದು ಕಾಗದದಿಂದ. ಬಿಳಿ ಅದನ್ನೇ ಮುಚ್ಚಿಬಿಟ್ಟು, ನನ್ನ ಬಂಡೆ ಸಿಮೆಂಟು ಮೆತ್ತಿದ ಗೋಡೆಯಂತಾಯಿತು.

ಎರಡನೆಯದು ಟ್ಯೂಬಿನಲ್ಲಿ ಸಿಗುವ ಪೇನ್ಸ್ ಗ್ರೇ. ಇಂಗ್ಲಿಷ್ ಜಲವರ್ಣ ಕಲಾವಿದ ವಿಲಿಯಂ ಪೇನ್ ಅವರ ಹೆಸರು ಹೊತ್ತ ಇದನ್ನು ಈಗ ಹೆಚ್ಚಾಗಿ ನೀಲಿ ಮತ್ತು ಕಪ್ಪು ವರ್ಣದ್ರವ್ಯಗಳನ್ನು ಬೆರೆಸಿ ತಯಾರಿಸುತ್ತಾರೆ. ಛಾಯೆಗಳ ಕರಡು ಹಾಕಲು ಇದರಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ, ಮುಂಗಾರಿನ ಮೋಡಕ್ಕಂತೂ ಹೇಳಿ ಮಾಡಿಸಿದ ಬಣ್ಣ. ಆದರೆ ಹಸಿಯಾಗಿದ್ದಾಗ ಗಾಢವಾಗಿ ಕಂಡದ್ದು ಒಣಗಿದ ಮೇಲೆ ಬಹಳ ಪೇಲವವಾಗುತ್ತದೆ. ಬಂಡೆಯ ನೆರಳಿಗೆ ಮೂರು ಸಲ ಬಳಿಯಬೇಕಾಯಿತು, ಆಗಲೂ ಶಿಲೆಯ ಕಾವು ಅದರಲ್ಲಿ ಮೂಡಲಿಲ್ಲ.

ಮೂರನೆಯದು ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ. ಸಿಯೆನ್ನಾ ಕಂದಾಗಿ ಕಂಡರೂ ಮೂಲದಲ್ಲಿ ಮಬ್ಬು ಕಿತ್ತಳೆಯೇ ಆದ್ದರಿಂದ, ವರ್ಣಚಕ್ರದಲ್ಲಿ ನೀಲಿಗೆ ಎದುರಾಗಿ ನಿಲ್ಲುತ್ತದೆ; ಬೆರೆತಾಗ ಒಂದರ ಕಾಂತಿಯನ್ನು ಇನ್ನೊಂದು ತಗ್ಗಿಸಿ ಎರಡೂ ಬೂದಾಗುತ್ತವೆ. ಇವನ್ನು ತಟ್ಟೆಯಲ್ಲಿ ಪೂರ್ತಿ ಕಲಸದೆ, ಒದ್ದೆ ಕಾಗದದ ಮೇಲೆಯೇ ಕೂಡಲು ಬಿಟ್ಟೆ. ನೀರು ಇಂಗುತ್ತಿದ್ದಂತೆ ಅಲ್ಟ್ರಾಮರೀನಿನ ಕಣಗಳು ಕಾಗದದ ಸಣ್ಣ ಸಣ್ಣ ಕುಳಿಗಳಲ್ಲಿ ಕುಳಿತವು, ಅವುಗಳ ಸುತ್ತ ಸಿಯೆನ್ನಾದ ಕೆಂಗಂದು ಉಳಿಯಿತು. ಕಣ್ಣಿನ ಹತ್ತಿರ ಹಿಡಿದರೆ ಅದು ಕಲ್ಲಿನ ತರಿಯೇ ಆಗಿತ್ತು. ಬಿಸಿಲಿನ ಕಡೆಗೆ ಸಿಯೆನ್ನಾ, ನೆರಳಿನ ಕಡೆಗೆ ನೀಲಿ ಹೆಚ್ಚಿಸಿದರಾಯಿತು, ಎಲ್ಲಿಯೂ ಗೆರೆ ಕಡಿಯದೆ ಬಂಡೆ ದುಂಡಗಾಗುತ್ತದೆ.

ಇದರ ತೊಂದರೆ ಒಂದೇ: ಮಿಶ್ರಣ ಮಧ್ಯದಲ್ಲಿ ಮುಗಿದರೆ ಅದೇ ಬೂದನ್ನು ಮತ್ತೆ ತರುವುದು ಬಲು ಕಷ್ಟ. ಆದ್ದರಿಂದ ದೊಡ್ಡ ಬಂಡೆಗೆ ಕೈಹಾಕುವ ಮುನ್ನ ಎರಡೂ ಬಣ್ಣಗಳನ್ನು ಧಾರಾಳವಾಗಿ ಕರಗಿಸಿಟ್ಟುಕೊಂಡು, ಕಾಗದದ ಅಂಚಿನ ತುಂಡಿನ ಮೇಲೆ ಒಂದು ಪಟ್ಟಿ ಎಳೆದು, ಅದು ಪೂರ್ತಿ ಒಣಗಿದ ಮೇಲಷ್ಟೇ ಚಿತ್ರಕ್ಕೆ ಕುಂಚ ತಾಗಿಸುತ್ತೇನೆ.