ಒಂದೇ ಡೈ, ನಾಲ್ಕು ಕ್ಯಾವಿಟಿ: ಯಾವುದು ಹೆಚ್ಚು ಬಾಳಿತು?

ಅಲ್ಯೂಮಿನಿಯಂ ಪ್ರೆಷರ್ ಡೈ ಕಾಸ್ಟಿಂಗ್‌ನಲ್ಲಿ, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬಿ ಎರಕ ತೆಗೆಯುವಲ್ಲಿ, ಆ ಅಚ್ಚು (ಡೈ) ಹೆಚ್ಚಾಗಿ ಎರಡು ರೀತಿಯಲ್ಲಿ ಕೆಡುತ್ತದೆ. ಕರಗಿದ ಲೋಹ ಉಕ್ಕಿಗೆ ಅಂಟಿಕೊಂಡು, ಬಿಡಿಸುವಾಗಲೆಲ್ಲ ಉಕ್ಕಿನ ಮೈಯನ್ನೂ ಚೂರುಚೂರೇ ಕಿತ್ತೊಯ್ಯುವುದು ಒಂದು. 650 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಲೋಹ ಬಡಿದು, ಹಿಂದೆಯೇ ನೀರು ಬೆರೆತ ಸ್ಪ್ರೇ ಬಿದ್ದು, ಮೈ ಒಣಗಿದ ಕೆರೆಯಂಗಳದಂತೆ ಬಿರಿಯುವುದು ಇನ್ನೊಂದು. ಬಹಳ ಕಾಲ ಇವೆರಡಕ್ಕೂ ಒಂದೇ ಮದ್ದು ಹುಡುಕುತ್ತಿದ್ದೆ.

ಪೀಣ್ಯದ ನಮ್ಮ ಟೂಲ್ ರೂಮಿನಲ್ಲಿ ದ್ವಿಚಕ್ರ ವಾಹನದ ಒಂದು ಸಣ್ಣ ಬ್ರಾಕೆಟ್‌ಗೆ ನಾಲ್ಕು ಕ್ಯಾವಿಟಿಯ, ಅಂದರೆ ಒಂದೇ ಸಲಕ್ಕೆ ನಾಲ್ಕು ಎರಕ ಕೊಡುವ ನಾಲ್ಕು ಪೊಳ್ಳುಗಳ ಡೈ ಮಾಡುವಾಗ ಪರೀಕ್ಷೆಗೆ ಅವಕಾಶ ಸಿಕ್ಕಿತು. ಪ್ರತಿ ಕ್ಯಾವಿಟಿಗೂ ಬಿಡಿಸಿ ಹಾಕಬಲ್ಲ ಒಂದು ಉಕ್ಕಿನ ತುಂಡು, ಅದೇ ಇನ್ಸರ್ಟ್. ಮೂರು ಇನ್ಸರ್ಟ್‌ಗಳು ಡೈಗಳಿಗೆ ಸಾಮಾನ್ಯವಾಗಿ ಬಳಸುವ ಎಚ್13 ಉಕ್ಕಿನವು: ಒಂದು ಬರೀ ಹಾರ್ಡನಿಂಗ್ ಆದದ್ದು, ಒಂದಕ್ಕೆ ಗ್ಯಾಸ್ ನೈಟ್ರೈಡಿಂಗ್ (ಉಕ್ಕಿನ ಮೈಗೆ ಸಾರಜನಕ ಹೊಗಿಸಿ ಗಡಸಾಗಿಸುವುದು), ಮತ್ತೊಂದಕ್ಕೆ ಅಲ್ಯೂಮಿನಿಯಂ ಕ್ರೋಮಿಯಂ ನೈಟ್ರೈಡ್‌ನ ಪಿವಿಡಿ ಕೋಟಿಂಗ್, ಅಂದರೆ ನಿರ್ವಾತದಲ್ಲಿ ಆವಿಯಿಂದ ಕೂರಿಸುವ ತೆಳು ಲೇಪ. ನಾಲ್ಕನೆಯದು ಮಾತ್ರ 1.2367 ದರ್ಜೆಯ, ಎಲೆಕ್ಟ್ರೋಸ್ಲ್ಯಾಗ್ ವಿಧಾನದಲ್ಲಿ ಮತ್ತೆ ಕರಗಿಸಿ ಶುದ್ಧಗೊಳಿಸಿದ ಉಕ್ಕು. ಎಚ್13ರಲ್ಲಿ ಮಾಲಿಬ್ಡಿನಂ ಸುಮಾರು 1.3 ಶೇಕಡ, ಇದರಲ್ಲಿ 3ರ ಹತ್ತಿರ. ಅದರ ಮೇಲ್ಮೈಗೆ ಯಾವ ಲೇಪವನ್ನೂ ಹಾಕಿಸಲಿಲ್ಲ.

ಯಂತ್ರ, ಎಡಿಸಿ12 ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ಸ್ಪ್ರೇ, ಆಪರೇಟರ್ ಎಲ್ಲವೂ ಒಂದೇ. ವಿದ್ಯುತ್ ಕಿಡಿಯಿಂದ ಉಕ್ಕು ಕೊರೆಯುವ ಸ್ಪಾರ್ಕ್ ಯಂತ್ರ ಬಿಟ್ಟುಹೋಗುವ ಗಡಸು ಬಿಳಿ ಪದರವನ್ನು ನಾಲ್ಕರಲ್ಲೂ ಕಲ್ಲಿನಿಂದ ಉಜ್ಜಿ ತೆಗೆದೆವು. ಆ ಪದರ ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ, ಆಗ ಉಕ್ಕನ್ನು ದೂರಿ ಪ್ರಯೋಜನವಿಲ್ಲ. ಲೋಹ ಹರಿದುಬರುವ ಕಾಲುವೆಗೆ (ರನ್ನರ್) ಹತ್ತಿರದ ಕ್ಯಾವಿಟಿಗೆ ಅನ್ಯಾಯವಾಗಬಾರದೆಂದು ನಡುವೆ ಇನ್ಸರ್ಟ್‌ಗಳ ಜಾಗವನ್ನೂ ಅದಲುಬದಲು ಮಾಡಿದೆವು.

ಬರೀ ಎಚ್13 ಎಲ್ಲಕ್ಕಿಂತ ಮೊದಲು ಸೋತಿತು. ಲೋಹ ಕ್ಯಾವಿಟಿಗೆ ನುಗ್ಗುವ ಬಾಯಿಗೆ (ಗೇಟ್) ಎದುರಿನ, ಎರಕದಲ್ಲಿ ತೂತು ಮೂಡಿಸುವ ಕೋರ್ ಪಿನ್ನಿಗೆ ಲೋಹ ಅಂಟತೊಡಗಿ, ಪ್ರತಿ ಪಾಳಿಯಲ್ಲೂ ಯಂತ್ರ ನಿಲ್ಲಿಸಿ ಪಾಲಿಶ್ ಮಾಡಬೇಕಾಯಿತು.

ನೈಟ್ರೈಡಿಂಗ್ ಆದದ್ದರಲ್ಲಿ ಅಂಟು ಬಹಳ ತಡವಾಗಿ ಕಾಣಿಸಿತು. ಖರ್ಚು ಕಡಿಮೆ, ಸವೆದ ಮೇಲೆ ಮತ್ತೆ ಮಾಡಿಸಲೂಬಹುದು. ಆದರೆ ಒಂದು ಚೂಪು ಅಂಚು ಚಕ್ಕೆಯಾಗಿ ಎದ್ದಿತು. ನೈಟ್ರೈಡ್ ಪದರ ಆಳವಾದಷ್ಟೂ ಒಳ್ಳೆಯದೆಂಬ ನಂಬಿಕೆ ನನಗಿತ್ತು. ಮೂಲೆಗಳಲ್ಲಿ ಅದು ತಪ್ಪು.

ಕೋಟಿಂಗ್ ಕೆಲವೇ ಮೈಕ್ರಾನ್ ದಪ್ಪ, ಆದರೂ ಅದು ಇದ್ದಲ್ಲಿ ಲೋಹ ಅಂಟಲೇ ಇಲ್ಲ. ತೊಡಕು ಬೇರೆಡೆ ಇತ್ತು. ಎರಕದ ತೆಳು ಏಣು (ರಿಬ್) ಮೂಡುವ ಆಳವಾದ ಕಿರಿದಾದ ಸೀಳಿನ ತಳಕ್ಕೆ ಪಿವಿಡಿ ಸರಿಯಾಗಿ ತಲುಪುವುದಿಲ್ಲ, ಅಲ್ಲಿ ಅಂಟಿತು. ಕೆಳಗಿನ ಉಕ್ಕು ಬಿರಿದಾಗ ಕೋಟಿಂಗ್ ಕೂಡ ಅದರೊಡನೆ ಬಿರಿದು, ಸೀಳಿಗೆ ಅಲ್ಯೂಮಿನಿಯಂ ನುಗ್ಗಿತು. ಬಿರುಕಿನ ವಿಷಯದಲ್ಲಿ ಬರೀ ಎಚ್13ಕ್ಕಿಂತ ಇದು ಹೇಳಿಕೊಳ್ಳುವಷ್ಟು ಮೇಲಾಗಲಿಲ್ಲ.

ನಾಲ್ಕನೆಯದಕ್ಕೂ ಲೋಹ ಅಂಟಿತು, ಮೊದಲನೆಯದಕ್ಕೆ ಅಂಟಿದಂತೆಯೇ. ಆದರೆ ಉಳಿದ ಮೂರರ ಮೈಮೇಲೆ ಬಲೆಯಂತೆ ಬಿರುಕು ಹರಡಿದ್ದಾಗ ಇದರ ಸಮತಟ್ಟಾದ ಭಾಗ ಇನ್ನೂ ನುಣುಪಾಗಿತ್ತು. ನನ್ನ ಆಯ್ಕೆ ಇದೇ. ಡೈ ದೇಹಕ್ಕೆ ಈ ಉಕ್ಕು, ಕೋರ್ ಪಿನ್‌ಗಳಿಗೆ ಮತ್ತು ಗೇಟ್ ಎದುರಿನ ತುಂಡಿಗೆ ಮಾತ್ರ ಕೋಟಿಂಗ್. ಇಡೀ ಡೈಗೆ ಕೋಟಿಂಗ್ ಮಾಡಿಸುವುದು ದುಂದು.

ಮಾಡುವುದಕ್ಕಿಂತ ಮಾರುವುದು ಕಷ್ಟವಾಯಿತು. ಹೆಚ್ಚಿದ ಬೆಲೆಯ ಮೊದಲ ಕೊಟೇಷನ್ನನ್ನು ಖರೀದಿ ವಿಭಾಗ ಒಂದೇ ಮಾತಿನಲ್ಲಿ ತಳ್ಳಿಹಾಕಿತು. ಈಗ ಡೈ ಬೆಲೆಯ ಕೆಳಗೆ ಪ್ರತಿ ಶಾಟ್‌ಗೆ, ಅಂದರೆ ಒಂದು ಸಲದ ಎರಕಕ್ಕೆ, ಬೀಳುವ ಖರ್ಚನ್ನೂ ಬರೆಯುತ್ತೇನೆ, ಪಾಲಿಶ್‌ಗೆ ಯಂತ್ರ ನಿಲ್ಲುವ ಹೊತ್ತನ್ನು ಸೇರಿಸಿ. ಜೊತೆಗೆ ಒಂದೇ ಶಾಟ್‌ನಲ್ಲಿ ಹೊರಬಂದ ನಾಲ್ಕು ಬ್ರಾಕೆಟ್‌ಗಳನ್ನು ಮೇಜಿನ ಮೇಲಿಡುತ್ತೇನೆ. ಡೈ ಮೇಲಿನ ಬಿರುಕು ಎರಕದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಕೊಳ್ಳುವವರು ಮೂರರ ಮೇಲೆ ಬೆರಳಾಡಿಸಿ, ನಾಲ್ಕನೆಯದನ್ನು ಕೈಗೆತ್ತಿಕೊಂಡು, ಇದು ಯಾವ ಉಕ್ಕು ಎಂದು ಕೇಳುತ್ತಾರೆ.