2,000 ರೂಪಾಯಿಂದ ಶುರು ಮಾಡಿ 22 ತಿಂಗಳು ಆಡಿದ ಪೋಕರ್ ಆ್ಯಪ್, ಬಂದ್ ಆದ್ಮ್ಯಾಲ ಬರ್ದ ರಿವ್ಯೂ

ಬಾಗ್ಲಾ ಹಾಕಿದ ಅಂಗಡಿಗೆ ರಿವ್ಯೂ ಬರಿಯಾಕತ್ತೀನಿ ಅಂದ್ರ ನಗ್ತೀರಿ, ನಗ್ರಿ. ಮೊನ್ನೆ ನಮ್ಮ ಮಿಲ್ಲಿನ ಡ್ರೈವರ್ ಹುಡುಗ ಮೊಬೈಲ್ ಹಿಡ್ಕೊಂಡು ಬಂದು "ಅಣ್ಣಾ, ಇದ್ರಾಗ 500 ಹಾಕಿದ್ರ ಲಕ್ಷ ಮಾಡಬೋದಂತ, ನೀವು ಆಡ್ತಿದ್ರಲ್ಲ, ಖರೇನಾ" ಅಂತ ಕೇಳಿದ. ನೋಡಿದ್ರ ಯಾವುದೋ ಹೊರದೇಶದ ಆ್ಯಪು, ಟೆಲಿಗ್ರಾಮ್‌ದಾಗ ಲಿಂಕ್ ಬಂದೈತಿ. ಅವನಿಗೆ ಹೇಳಾಕ ಕುಂತ್ರ ಚಾ ಆರಿ ತಣ್ಣಗಾತು ಮಾತು ಮುಗೀಲಿಲ್ಲ, ಅದಕ್ಕ ಇಲ್ಲಿ ಬರೀತೀನಿ. ನಾ ಆಡಿದ ಆ್ಯಪಿನ ಹೆಸರು ಹೇಳಂಗಿಲ್ಲ, ಹೇಳಿದ್ರೂ ಈಗ ಉಪಯೋಗ ಇಲ್ಲ.

ನಾನು ಗಂಗಾವತಿಯಾಗ ರೈಸ್ ಮಿಲ್ಲಿನ ಗುಮಾಸ್ತ. ಹಗಲೆಲ್ಲಾ ಭತ್ತದ ಚೀಲ, ತೂಕ, ಲಾರಿ ಬಾಡಿಗಿ ಇದ ಲೆಕ್ಕ. 2023ರ ದಸರಾಕ್ಕ ಆ್ಯಪ್ ಹಾಕ್ಕೊಂಡೆ, ಮುಹೂರ್ತ ನೋಡ್ರಿ, ಅದ ಅಕ್ಟೋಬರ್ 1ಕ್ಕ ಡಿಪಾಸಿಟ್ ಮ್ಯಾಲ 28 ಪರ್ಸೆಂಟ್ ಜಿಎಸ್‌ಟಿ ಶುರು ಆಗಿತ್ತು. 2,000 ಹಾಕಿದ್ರ ಅದ್ರಾಗ 437 ರೂಪಾಯಿ 50 ಪೈಸೆ ಟ್ಯಾಕ್ಸ್, ಉಳಿದದ್ದು 1,562 ರೂಪಾಯಿ 50 ಪೈಸೆ. ಕಂಪನಿಯವ್ರು ಕಡಿತ ಆದಷ್ಟನ್ನ ಬೋನಸ್ ಅಂತ ವಾಪಸ್ ಹಾಕಿ 2,000 ಮಾಡಿ ತೋರಿಸಿದ್ರು, ಹಂಗಾಗಿ ನೋವು ಗೊತ್ತಾಗ್ಲಿಲ್ಲ. ಇದಕ್ಕ ಒಂದು ಸ್ಟಾರ್ ಕೊಡ್ತೀನಿ, ಯಾಕಂದ್ರ ಮಾಡ್ಬೇಕಂತ ಏನಿರಲಿಲ್ಲ ಅವ್ರು.

ಆ್ಯಪ್ ಖರೇನ ಚಲೋ ಇತ್ತು. ನಮ್ಮೂರಾಗ ಸಂಜಿಗೆ ಕರೆಂಟ್ ಹೋಗಿ ನೆಟ್ ಎರಡು ಕಡ್ಡಿಗೆ ಬಂದ್ರೂ ಟೇಬಲ್ ಕಟ್ ಆಗ್ತಿರಲಿಲ್ಲ, ಎರಡು ಟೇಬಲ್ ಕೂಡೆ ಆಡಬೋದಿತ್ತು. ಆಟ ಗೊತ್ತಿಲ್ದವ್ರಿಗೆ: ಕೈಯಾಗ ಎರಡು ಎಲಿ, ನಡುವ ಎಲ್ಲಾರಿಗೂ ಸೇರಿ ಐದು ಎಲಿ, ನಾಕು ಸಲ ದುಡ್ಡು ಹಚ್ಚೋ ಅವಕಾಶ. ಅಂದರ್ ಬಾಹರ್ ತರ ಬರೇ ನಸೀಬಿನ ಆಟ ಅಲ್ಲ, ಹಂಗಂತ ನಸೀಬು ಇಲ್ಲದ ಆಟನೂ ಅಲ್ಲ. ಎಲ್ಲಾಕ್ಕಿಂತ ಸಣ್ಣ ಟೇಬಲ್ 50 ಪೈಸೆ-1 ರೂಪಾಯಿದು (ಎಲಿ ನೋಡೋ ಮೊದಲ ಇಬ್ರು ಕಡ್ಡಾಯ ಹಾಕೋ ದುಡ್ಡು ಅದು), 100 ರೂಪಾಯಿ ತಗೊಂಡು ಕೂಡ್ಬೇಕಿತ್ತು, ಇದಕ್ಕ ಬೈ-ಇನ್ ಅಂತಾರ. ಅದರ ಮ್ಯಾಲ 1-2 ಟೇಬಲ್ಲಿಗೆ 200, 2-4ಕ್ಕ 400, 5-10ಕ್ಕ 1,000.

ಈಗ ಖರೇ ವಿಷಯ. ನಮ್ಮ ಕಡೆ ಯಾರೂ ಮಳಿ ನೋಡಿ ನಾಟಿ ಮಾಡಂಗಿಲ್ಲ, ಡ್ಯಾಮ್ ನೋಡಿ ಮಾಡ್ತಾರ. ಟಿಬಿ (ತುಂಗಭದ್ರಾ) ಡ್ಯಾಮ್ ತುಂಬಿ 1,633 ಅಡಿಗೆ ಬಂತೇನು, ಕಾಲುವಿಗೆ ನೀರು ಯಾವಾಗ ಬಿಡ್ತಾರ, ಎರಡನೇ ಬೆಳಿಗೆ ನೀರು ಉಳೀತೈತೇನು, ಇದ ಮಾತು ಚಾ ಅಂಗಡಿಯಾಗ. ಪೋಕರ್ ದುಡ್ಡೂ ಹಂಗ ಅಂತ ನನಗ ಮೊದಲನೇ ತಿಂಗಳಾಗ ತಿಳೀತು, ಇವತ್ತು ಎಷ್ಟು ಗೆದ್ದಿ ಅನ್ನೋದಲ್ಲ, ಒಟ್ಟು ಎಷ್ಟು ನಿಂತೈತಿ ಅನ್ನೋದು ನೋಡಿ ಟೇಬಲ್ ಹತ್ತಬೇಕು. ನನ್ನ ಲೆಕ್ಕ ಹಿಂಗಿತ್ತು: ಮ್ಯಾಲಿನ ಟೇಬಲ್ಲಿನ 30 ಬೈ-ಇನ್ ಜಮಾ ಆಗೋತನ ಹತ್ತಂಗಿಲ್ಲ, ಹತ್ತಿದ ಮ್ಯಾಲ ಅದು 20 ಬೈ-ಇನ್‌ಗೆ ಇಳೀತು ಅಂದ್ರ ಮಾತಿಲ್ಲದ ಕೆಳಗಿಳೀಬೇಕು. ಅಂದ್ರ 6,000 ಆದ್ರ 1-2ಕ್ಕ, 12,000 ಆದ್ರ 2-4ಕ್ಕ, ಅಲ್ಲಿ 8,000ಕ್ಕ ಬಂತಂದ್ರ ವಾಪಸ್. ಆ್ಯಪಿನ್ಯಾಗ ಹಳೇ ಆಟ ಡೌನ್‌ಲೋಡ್ ಮಾಡಾಕ ಆಗ್ತಿರಲಿಲ್ಲ (ಇದು ದೊಡ್ಡ ಮೈನಸ್), ಅದಕ್ಕ ಮಿಲ್ಲಿನ್ಯಾಗ ತರೋ ಕೆಂಪು ರಟ್ಟಿನ ಕಿರ್ದಿ ವಹಿ ಒಂದು ನಂದ ಅಂತ ಕೊಂಡು ತಂದೆ, ಎಡಕ್ಕ ಜಮಾ ಬಲಕ್ಕ ಖರ್ಚು, ದಿನಾ ರಾತ್ರಿ ಬರಿಯೋದು.

ಹತ್ತೋದು ಸುಲಭ ರೀ. ಹತ್ತಾಕ ಆ್ಯಪ್ ತಾನ ಕೈ ಹಿಡಿದು ಕರೀತಿತ್ತು. ಎರಡು ದಿನ ಸ್ವಲ್ಪ ಗೆದ್ರ ಸಾಕು, ಪರದಿ ಮ್ಯಾಲ ಬಂಗಾರ ಬಣ್ಣದ ಡಬ್ಬಿ ಬಂದು ನೀವು ಮುಂದಿನ ಟೇಬಲ್ಲಿಗೆ ರೆಡಿ ಅದೀರಿ ಅಂತ, ಒಂದ ಒತ್ತಿದ್ರ ಸೀದಾ ಅಲ್ಲಿ ಕುಂಡ್ರಿಸ್ತಿತ್ತು. ಸೋತಾಗ ಇಳೀರಿ ಅಂತ ಒಂದ ಒಂದು ದಿನ ಡಬ್ಬಿ ಬರ್ಲಿಲ್ಲ. ಸೋತಾಗ ಬರ್ತಿದ್ದದ್ದು ರಿಚಾರ್ಜ್ ಆಫರ್. ಕೆಳಗಿನ ಟೇಬಲ್ ಹುಡುಕಾಕ ಮೂರು ಮೆನು ದಾಟಿ ಹೋಗಿ ಫಿಲ್ಟರ್ ಬದಲಿ ಮಾಡ್ಬೇಕಿತ್ತು, ಮ್ಯಾಲ ಹೋಗಾಕ ಒಂದ ಬಟನ್. ಈ ಒಂದು ವಿಷಯಕ್ಕ ನಾನು ಎರಡು ಸ್ಟಾರ್ ಕಡಿಮಿ ಮಾಡ್ತೀನಿ, ಉಳಿದದ್ದೆಲ್ಲಾ ಸಣ್ಣದು.

2024ರ ಜೂನ್‌ನ್ಯಾಗ 6,000 ಮುಟ್ಟಿತು, 1-2ಕ್ಕ ಹತ್ತಿದೆ. ಕೆಳಗ ಎಲ್ಲಾರೂ ಏನು ಹಚ್ಚಿದ್ರೂ ಕಾಲ್ ಮಾಡ್ತಾರ (ಅಷ್ಟ ದುಡ್ಡು ತಾವೂ ಹಾಕ್ತಾರ), ಸುಮ್ನ ಚಲೋ ಎಲಿಗೆ ಕಾಯ್ಕೊಂಡು ಕುಂತ್ರ ದುಡ್ಡು ಬರ್ತೈತಿ, ಬ್ಲಫ್ ಮಾಡಿದವ, ಅಂದ್ರ ಎಲಿ ಇಲ್ಲದ ದುಡ್ಡು ಹಚ್ಚಿ ಹೆದರ್ಸಾಕ ಹೋದವ, ಕೆಟ್ಟ. 1-2ದಾಗೂ ಹೆಚ್ಚುಕಡಿಮಿ ಅದ. ಆಗಸ್ಟ್ 10ರ ರಾತ್ರಿ ನೆನಪೈತಿ, ಎರಡು ಟೇಬಲ್ ಹಾಕ್ಕೊಂಡು ಅಂಗಳದಾಗ ಕುಂತಿದ್ದೆ, ವಾಟ್ಸಪ್ ಮ್ಯಾಲ ವಾಟ್ಸಪ್ ಬರಾಕತ್ತಿದ್ವು, ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿಕೊಂಡು ಹೋತಂತ. ನಮ್ಮ ಮಾವ ಫೋನ್ ಮಾಡಿ "ಏನಪಾ ಅಳಿಯಾ, ಈ ಸಲ ಭತ್ತ ಬಂದಂಗನ ಬಿಡು" ಅಂತ ಅಳೋ ದನಿಯಾಗ, ನಾನು ಒಂದು ಕಿವಿ ಅವರಿಗೆ ಕೊಟ್ಟು ಒಂದು ಕಣ್ಣು ಟೇಬಲ್ಲಿಗೆ ಇಟ್ಟು ಅರ್ಧ ತಾಸಿನ್ಯಾಗ 600 ರೂಪಾಯಿ ಕಳ್ಕೊಂಡೆ, ಮೂರು ಬೈ-ಇನ್. ಗೇಟಿಗೆ ವಾರದಾಗ ಸ್ಟಾಪ್ ಲಾಗ್ (ನೀರು ತಡಿಯೋ ಕಬ್ಬಿಣದ ಅಡ್ಡ ಹಲಗಿ) ಕೂಡ್ಸಿದ್ರು. ನನ್ನ 600 ವಾಪಸ್ ಬರಾಕ ತಿಂಗಳು ಹಿಡೀತು. ಕಿರ್ದಿಯಾಗ ಆ ದಿನದ ಮುಂದ "ಡ್ಯಾಮ್" ಅಂತ ಒಂದ ಶಬ್ದ ಬರ್ದೀನಿ.

ಸಂಕ್ರಾಂತಿ ಆದ್ಮ್ಯಾಲ 12,000 ದಾಟಿತು, 2-4ಕ್ಕ ಹೋದೆ. ಅಲ್ಲಿ ಹವಾ ಬ್ಯಾರೆ. ಅಲ್ಲಿನವ್ರು ನಾ ಯಾವಾಗ ಹೆದರ್ತೀನಿ ಅಂತ ನೋಡ್ತಾರ. ಒಂದ್ಸಲ ಇಸ್ಪೀಟ್ ರಾಜಾ ಡೈಮಂಡ್ ರಾಜಾ ಬಂದ್ವು ಕೈಗೆ, ನಡುವ ಬಿದ್ದದ್ದು ಕಳಾವರ್ ರಾಜಾ, ಕಳಾವರ್ ಎಂಟು, ಆಟಿನ್ ಮೂರು. ಮೂರು ರಾಜಾ ನನ್ಹತ್ರ, ಎದೀ ಢವಢವ. ಇದ್ದ 400 ಎಲ್ಲಾ ನೂಕಿದೆ, ಎದುರಿನವ ಕಣ್ಣು ಮುಚ್ಚಿದಂಗ ಕಾಲ್ ಮಾಡಿದ, ತೆಗೆದ್ರ ಕಳಾವರ್ ಎಕ್ಕಾ, ಕಳಾವರ್ ಐದು. ಇಂಥಾ ಜಾಗದಾಗ ನಾಕು ಸಲದಾಗ ಮೂರು ಸಲ ನಂದ ಗೆಲುವು. ಮುಂದಿನ ಎಲಿ ಕಳಾವರ್ ಎರಡು, ಅವಗ ಐದು ಕಳಾವರ್ ಕೂಡಿದ್ವು, ಅದು ಮೂರು ರಾಜಾಕ್ಕಿಂತ ದೊಡ್ಡದು. ಕೊನೀ ಎಲಿ ಇಸ್ಪೀಟ್ ಒಂಬತ್ತು. ಹೋತು. ಅವನ ಆಟ ತಪ್ಪು, ನನ್ನ ಆಟ ಸರಿ, ದುಡ್ಡು ಅವಂದು. 30 ಬೈ-ಇನ್ ಯಾಕ ಬೇಕು ಅಂದ್ರ ಇದಕ್ಕ. ಹಿಂಗ ಎಂಟು ಸಲ ಸಾಲಾಗಿ ಆಗಬೋದು, ಆಗ್ಯಾವು ನನಗ.

ಕಾರಟಗಿ ಕಡೆ ನನ್ನ ಗೆಳೆಯ ಒಬ್ಬ ಅದಾನ, ಆಟ ನನಗಿಂತ ಚಲೋ ಬರ್ತೈತಿ ಅವಗ, ಇದು ಖರೇ. ಅವ 5,000 ಹಾಕಿ ಸೀದಾ 5-10 ಟೇಬಲ್ಲಿಗೆ ಹೋದ, ಐದ ಐದು ಬೈ-ಇನ್. ಮೊದಲ ಎರಡು ರಾತ್ರಿ 11,000 ಮಾಡಿ ನನಗ ಸ್ಕ್ರೀನ್‌ಶಾಟ್ ಕಳ್ಸಿ "ನಿನ್ನ ಕಿರ್ದಿ ಸುಡು ಲೇ" ಅಂದ. ಮೂರನೇ ರಾತ್ರಿ ಸೊನ್ನಿ. ಆಮ್ಯಾಲ ಎಷ್ಟು ಹಾಕಿದ ಅಂತ ಅವ ಹೇಳಂಗಿಲ್ಲ ನಾ ಕೇಳಂಗಿಲ್ಲ.

ಇನ್ನ ಆ್ಯಪಿನ ಪಾಲು. ಪಾಟಿನ್ಯಾಗ (ಒಂದು ಆಟಕ್ಕ ಎಲ್ಲಾರೂ ಹಚ್ಚಿದ ದುಡ್ಡಿನ್ಯಾಗ) ನೂರಕ್ಕ 5 ರೇಕ್ ಅಂತ ಮುರ್ಕೊಳ್ತಿದ್ರು, ಸಣ್ಣ ಟೇಬಲ್ಲಿನ್ಯಾಗ ಅದ ಬಾಳ ಹೊಡೀತಿತ್ತು. ನನ್ನ ಪ್ರೊಫೈಲ್‌ನ್ಯಾಗ ಕಟ್ಟಿದ ರೇಕ್ ಎಷ್ಟಂತ ತೋರಿಸ್ತಿತ್ತು, ನಾ ಗೆದ್ದದ್ದಕ್ಕಿಂತ ಅವರು ನನ್ನಿಂದ ತಗೊಂಡದ್ದ ಹೆಚ್ಚು. ದಲಾಲಿ ಅಂತ ತಿಳ್ಕೊಂಡೆ, ನಮ್ಮ ಎಪಿಎಂಸಿಯಾಗೇನು ದಲಾಲಿ ಇಲ್ಲೇನು. ಆದ್ರ ಒಂದಿನ ತಾಸಿನ ಲೆಕ್ಕ ಹಾಕಿದೆ, ಹಾಕಬಾರದಿತ್ತು. 2025ರ ಮಾರ್ಚ್‌ತನ ಸುಮಾರು 750 ತಾಸು ಆಡೀನಿ, ಗೆದ್ದದ್ದು 13,000 ಚಿಲ್ಲರ. ತಾಸಿಗೆ 17 ರೂಪಾಯಿ ರೀ. ಮುಂಜಾನಿ ಒಗ್ಗರಣಿ ಮಿರ್ಚಿಗೂ ಸಾಲಂಗಿಲ್ಲ. ನಮ್ಮ ಮಿಲ್ಲಿನ ಹಮಾಲರ ಮುಂದ ಇದನ್ನ ಹೇಳಿದ್ರ ಚೀಲ ಕೆಳಗಿಟ್ಟು ನಗ್ತಾರ.

ಮಾರ್ಚ್ ಅಂದೆನಲ್ಲ, ಅದ ಮುಖ್ಯ. ಯಾರೂ ಹೇಳಂಗಿಲ್ಲ ಇದನ್ನ, 500ರಿಂದ ಲಕ್ಷ ಅನ್ನೋರಂತೂ ಹೇಳಾಕ ಸಾಧ್ಯನ ಇಲ್ಲ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟದ ಗೆಲುವಿಗೆ 30 ಪರ್ಸೆಂಟ್ ಟಿಡಿಎಸ್, ಅಂದ್ರ ಕಂಪನಿಯವ್ರ ಮೊದಲ ಮುರ್ಕೊಂಡು ಸರ್ಕಾರಕ್ಕ ಕಟ್ಟೋ ಟ್ಯಾಕ್ಸ್. ದುಡ್ಡು ತೆಗೆದಾಗ ಅಷ್ಟ ಕಡೀತಾರ ಅಂತ ನಾ ತಿಳ್ಕೊಂಡಿದ್ದೆ. ತೆಗೀದಿದ್ರೂ ಮಾರ್ಚ್ 31ಕ್ಕ ವ್ಯಾಲೆಟ್‌ನ್ಯಾಗ ನಿಂತ ದುಡ್ಡು ನೋಡಿ, ವರ್ಷದ ಮೊದಲ ಇದ್ದದ್ದು, ನಾವು ಹಾಕಿದ್ದು ಎರಡೂ ಕಳೆದು, ಉಳಿದದ್ದಕ್ಕ ಕಡೀತಾರ. ಮೊದಲನೇ ವರ್ಷ ಸಾವಿರದ ಹತ್ರ ಹೋಗಿತ್ತು, ಲಕ್ಷ್ಯ ಕೊಟ್ಟಿರಲಿಲ್ಲ. ಎರಡನೇ ವರ್ಷ 4,300ರಿಂದ 14,300ಕ್ಕ ಬಂದಿದ್ದೆ, 10,000 ಗೆಲುವು, ಒಂದ ರಾತ್ರಿಗೆ 3,000 ಮಾಯ. 2-4 ಟೇಬಲ್ಲಿನ ಏಳೂವರಿ ಬೈ-ಇನ್, ಎಲಿ ಮುಟ್ಟದ ಸೋತಂಗ ಆತು. ರಿಟರ್ನ್ ಹಾಕಿ ವಾಪಸ್ ತಗೋಬೇಕಂತ ನಮ್ಮ ಸಾವ್ಕಾರ್ರ ಸಿಎ ಅವರನ್ನ ಕೇಳಿದೆ. "ಇದಕ್ಕ ಸ್ಲ್ಯಾಬ್ ಗಿಲ್ಯಾಬ್ ಏನಿಲ್ಲಪಾ, ನೀ ಬಡವ ಇದ್ರೂ ಸೀದಾ 30, ಮುಂದಿನ ವರ್ಷ ಸೋತ್ರೂ ಇದು ವಾಪಸ್ ಬರಂಗಿಲ್ಲ" ಅಂದ್ರು. ಇದು ಆ್ಯಪಿನ ತಪ್ಪಲ್ಲ, ಕಾನೂನು. ಆದ್ರ ಫೆಬ್ರವರಿಯಾಗ ಒಂದು ಮೆಸೇಜ್ ಹಾಕಿ ಹೇಳಬೋದಿತ್ತಲ್ಲ, ರಿಚಾರ್ಜ್ ಆಫರ್ ಮೆಸೇಜ್ ದಿನಕ್ಕ ಮೂರು ಬರ್ತಿದ್ವು.

11,300ರಿಂದ ಏಪ್ರಿಲ್ ಶುರು. ಆಮ್ಯಾಲ ಕೆಟ್ಟ ಕಾಲ, ಮೇ ಮುಗಿಯೋದ್ರಾಗ 7,900. ವಹಿ ಮುಂದ ಇಟ್ಕೊಂಡು ಕುಂತೆ, 8,000ಕ್ಕ ನೂರು ಕಡಿಮಿ ಐತಿ, ಇನ್ನೊಂದು ರಾತ್ರಿ ನೋಡೋಣ ಅಂತ ಮನಸ್ಸು, ನೂರು ರೂಪಾಯಿ ಏನು ದೊಡ್ಡದು ಅಂತ. ನಮ್ಮನಿಯಾಕಿ ಹಾಸಿಗಿ ಹಾಸಾಕತ್ತಿದ್ಲು, ವಹಿ ನೋಡಿ "ಏನ್ರೀ, ನೀವ ಬರ್ದದ್ದು ನಿಮಗ ಓದಾಕ ಬರಂಗಿಲ್ಲೇನು" ಅಂದ್ಲು. ಮೂರು ಮೆನು ದಾಟಿ ಹೋಗಿ 1-2 ಟೇಬಲ್ಲಿಗೆ ಇಳಿದೆ. 22 ತಿಂಗಳಾಗ ನಾ ಆಡಿದ ಚಲೋ ಆಟ ಅಂದ್ರ ಅದೊಂದ.

ಹಿಂಗ ದುಡ್ಡಿನ ಲೆಕ್ಕ ಇಟ್ಟು ಆಡೋದ್ರಾಗ ದೊಡ್ಡ ಹೆಸರು ಕ್ರಿಸ್ ಫರ್ಗ್ಯುಸನ್ ಅಂತ, 2000ನೇ ಇಸ್ವಿ ಪೋಕರ್ ವರ್ಲ್ಡ್ ಸೀರೀಸ್ ಮೇನ್ ಇವೆಂಟ್ ಗೆದ್ದವ. ಒಂದ ಒಂದು ಪೈಸೆ ಹಾಕದ ಫ್ರೀರೋಲ್‌ನಿಂದ (ಪುಕ್ಕಟ ಟೂರ್ನಮೆಂಟ್) ಶುರು ಮಾಡಿ 10,000 ಡಾಲರ್ ಮಾಡಿದ. ಅವನ ನಿಯಮ, ಒಂದು ಟೇಬಲ್ಲಿಗೆ ಇದ್ದ ದುಡ್ಡಿನ 5 ಪರ್ಸೆಂಟ್ ಮೀರಿ ಇಡಬಾರದು, ಟೂರ್ನಮೆಂಟಿಗೆ 2, ಟೇಬಲ್ ಮ್ಯಾಲಿನ ದುಡ್ಡು ಬೆಳೆದು 10 ಪರ್ಸೆಂಟ್ ದಾಟಿತಂದ್ರ ಎದ್ದು ಬರಬೇಕು. ನನ್ನ 20 ಬೈ-ಇನ್ ಅಂದ್ರೂ ಅದ 5 ಪರ್ಸೆಂಟ. ಆದ್ರ ಅವ ಅದನ್ನ ಮಾಡಿದ್ದು ಫುಲ್ ಟಿಲ್ಟ್ ಅನ್ನೋ ಸೈಟಿನ್ಯಾಗ, ಅದನ್ನ 2011ರ ಏಪ್ರಿಲ್ 15ಕ್ಕ ಅಮೆರಿಕದ ಸರ್ಕಾರ ಹಿಡೀತು, ಅಮೆರಿಕದ ಆಟಗಾರರಿಗೆ ದುಡ್ಡು ವಾಪಸ್ ಸಿಗಾಕ ಶುರು ಆಗಿದ್ದು 2014ರಾಗ. ಇದನ್ನ ಓದಿದಾಗಿಂದ ವ್ಯಾಲೆಟ್‌ನ್ಯಾಗ ದುಡ್ಡು ಇಡಾಕ ನನಗ ಒಳಗೊಳಗ ಅಂಜಿಕಿ ಇತ್ತು.

ನಮ್ಮಲ್ಲೂ ಬಂತು ಅದು. ಹೊಸ ಕಾಯ್ದೆ, 2025ರ ಆಗಸ್ಟ್ 20ಕ್ಕ ಲೋಕಸಭೆ, 21ಕ್ಕ ರಾಜ್ಯಸಭೆ, 22ಕ್ಕ ರಾಷ್ಟ್ರಪತಿ ಸಹಿ, ದುಡ್ಡು ಹಚ್ಚಿ ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್. ಆಡಿದವ್ರಿಗೆ ಶಿಕ್ಷೆ ಇಲ್ಲ, ಆಡಿಸಿದವ್ರಿಗೆ, ಜಾಹೀರಾತು ಹಾಕಿದವ್ರಿಗೆ, ದುಡ್ಡು ದಾಟಿಸಿದವ್ರಿಗೆ. ನನ್ಹತ್ರ ಆಗ 9,640 ಇತ್ತು. ಕೈಕಾಲು ತಣ್ಣಗಾಗಿ ವಿತ್‌ಡ್ರಾ ಹಾಕಿದೆ. ಸಪೋರ್ಟಿಗೆ ಮೆಸೇಜ್ ಹಾಕಿದ್ರ ಮೊದಲಿನಂಗ ಅದ ಮಷೀನ್ ಉತ್ತರ, ಸಪೋರ್ಟಿಗೆ ಸೊನ್ನಿ ಸ್ಟಾರ್. ಆದ್ರ ದುಡ್ಡು ಗಣೇಶ ಚೌತಿ ದಿನ ಮುಂಜಾನಿ, ಗಣಪ್ಪನ್ನ ತರಾಕ ಹೊಂಟಾಗ, ಬ್ಯಾಂಕಿಗೆ ಬಂತು, ಪೂರ್ತಿ 9,640. ವರ್ಷದ ಮೊದಲ ಇದ್ದದ್ದಕ್ಕಿಂತ ಕಡಿಮಿ ಇತ್ತಲ್ಲ, ಟಿಡಿಎಸ್ ಬೀಳ್ಲಿಲ್ಲ. ಇದಕ್ಕ ಐದಕ್ಕ ಐದು. ಒಟ್ಟು ಎರಡೂವರಿ.

ಡ್ರೈವರ್ ಹುಡುಗನ ಲಿಂಕಿನ ಆ್ಯಪಿಗೆ ನಾನು ರಿವ್ಯೂ ಬರಿಯಂಗಿಲ್ಲ, ಹಾಕಿಲ್ಲ, ಹಾಕಂಗೂ ಇಲ್ಲ. ಅದ್ರಾಗ ಹಾಕಿದ ದುಡ್ಡು ಬರ್ಲಿಲ್ಲ ಅಂದ್ರ ಯಾರ ಬಾಗ್ಲಿಗೆ ಹೋಗ್ತಿ ಅಂತ ಕೇಳಿದೆ, ತಲಿ ಕೆರ್ಕೊಂಡ.

ನನ್ನ ಹಳೇ ಆ್ಯಪು ಈಗ ಪುಕ್ಕಟ ಚಿಪ್ಸಿನ ಆಟ ಆಗೇತಿ. ಎರಡು ದಿನ ಆಡಿ ನೋಡಿದೆ, ಎಲ್ಲಾರೂ ಎಲಿ ನೋಡದ ಆಲ್-ಇನ್ (ಇದ್ದದ್ದೆಲ್ಲಾ ನೂಕೋದು) ಅಂತಾರ, ತೆಗೆದುಹಾಕಿದೆ. ಕಿರ್ದಿಯಾಗ ಇನ್ನೂ ಅರ್ಧ ಹಾಳಿ ಖಾಲಿ ಉಳಿದಿದ್ವು, ನಮ್ಮನಿಯಾಕಿ ಈಗ ಅದ್ರಾಗ ಓಣಿ ಹೆಣ್ಮಕ್ಕಳ ಚೀಟಿ ಲೆಕ್ಕ ಬರೀತಾಳ.