ಹೆನ್ರಿ ತೊಡದೇ ಬಿಟ್ಟ ಕವಚ: ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂ

ನಾನು ಬಟ್ಟೆ ಹೊಲಿಯುವವಳು. ಯಾವ ಉಡುಪು ಕಂಡರೂ ಮೊದಲು ಕಣ್ಣು ಹೋಗುವುದು ಕಂಕುಳಿಗೆ, ಮೊಣಕೈಗೆ, ಕೂತೆದ್ದಾಗ ಎಳೆಯುವ ಜಾಗಕ್ಕೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಈ ಆಯುಧ-ಕವಚಗಳ ಮ್ಯೂಸಿಯಂನಲ್ಲಿ, ಹಳೆಯ ಕಾಳಗದ ಪಂದ್ಯಗಳ ಕವಚಗಳನ್ನಿಟ್ಟ ಟೂರ್ನಮೆಂಟ್ ಗ್ಯಾಲರಿ ನನಗೆ ಇಷ್ಟವಾಗಿದ್ದು ಅದಕ್ಕೇ. ಪ್ರವೇಶ ಉಚಿತ.

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಗೆಂದು 1520ರಲ್ಲಿ ಗ್ರೀನಿಚ್‌ನಲ್ಲಿ ಮಾಡಿದ ಕವಚದ ಮುಂದೆ ತುಂಬಾ ಹೊತ್ತು ನಿಂತಿದ್ದೆ. ನೆಲದ ಮೇಲೆ ನಿಂತು ಕಾದಾಡುವ ಪಂದ್ಯಕ್ಕೆ ಮಾಡಿದ್ದು, ತೂಕ 42 ಕೆಜಿಗೂ ಜಾಸ್ತಿ. ಎಲ್ಲೂ ಒಂದು ಸಂದಿಲ್ಲ. ಮೊಣಕೈಯ ಒಳಬದಿ, ಮಂಡಿಯ ಹಿಂಭಾಗ, ಕೊನೆಗೆ ಕುಂಡೆಗೂ ಉಕ್ಕಿನ ಪಟ್ಟಿಗಳು. ಒಂದರ ಮೇಲೊಂದು ಜಾರುವ ಹಾಗೆ ಕೂರಿಸಿದ್ದಾರೆ. ಬಟ್ಟೆಯಾದರೆ ಒಂಚೂರು ಹಿಗ್ಗಿ ನಮ್ಮ ತಪ್ಪು ಮುಚ್ಚುತ್ತದೆ. ಉಕ್ಕು ಹಿಗ್ಗುವುದಿಲ್ಲ, ಅಲ್ವಾ? ಆದರೂ ಕೈಕಾಲು ಆಡಬೇಕು. ಈ ಅಳತೆ ತೆಗೆದವರ ಕೈಗೆ ನಮಸ್ಕಾರ. 1960ರ ದಶಕದಲ್ಲಿ ಅಮೆರಿಕದಲ್ಲಿ ಗಗನಯಾತ್ರಿಗಳ ಉಡುಪು ತಯಾರಿಸಲು ಹೊರಟವರು ಇದರ ಕೀಲುಗಳನ್ನು ಅಭ್ಯಾಸ ಮಾಡಿದ್ದರಂತೆ. ಆಶ್ಚರ್ಯವೇನಿಲ್ಲ.

ಇಷ್ಟೆಲ್ಲ ಮಾಡಿಯೂ ಇದು ಪೂರ್ತಿಯಾಗಲಿಲ್ಲ. ಆ ವರ್ಷ ಜೂನ್‌ನಲ್ಲಿ ಕ್ಯಾಲೆ ಹತ್ತಿರ ಹೆನ್ರಿ ಮತ್ತು ಫ್ರಾನ್ಸಿನ ರಾಜ ಒಂದನೇ ಫ್ರಾನ್ಸಿಸ್ ಭೇಟಿಯಾಗುವುದಿತ್ತು. ಜರಿಬಟ್ಟೆಯ ಡೇರೆಗಳಿಂದಲೇ ಹೆಸರಾದ 'ಫೀಲ್ಡ್ ಆಫ್ ಕ್ಲಾತ್ ಆಫ್ ಗೋಲ್ಡ್' ಅದು. ಇನ್ನು ಮೂರೇ ತಿಂಗಳು ಇರುವಾಗ ಫ್ರೆಂಚರ ಕಡೆಯಿಂದ ಅಲ್ಲಿ ನಡೆಯಬೇಕಿದ್ದ ಪಂದ್ಯದ ನಿಯಮ ಬದಲಾಯಿತು. ಕವಚಕ್ಕೆ ಟಾನ್‌ಲೆಟ್ ಬೇಕು, ಅಂದರೆ ಸೊಂಟದಿಂದ ಇಳಿಯುವ ಉಕ್ಕಿನ ಲಂಗ. ಹೊಸದಾಗಿ ಎಲ್ಲ ಮಾಡಲು ಸಮಯವಿಲ್ಲ. ಇದ್ದ ಭಾಗಗಳನ್ನೇ ತಿದ್ದಿ, ಹೊಸದನ್ನು ಸೇರಿಸಿ ಇನ್ನೊಂದು ಕವಚ ಹೊಂದಿಸಿದರು. ಅದೂ ಇಲ್ಲೇ ಇದೆ. ಗಿರಾಕಿ ಕೊನೇ ಗಳಿಗೆಯಲ್ಲಿ ಮಾತು ಬದಲಿಸಿದರೆ ಏನಾಗುತ್ತದೆಂದು ಬಲ್ಲವರು ಎರಡನ್ನೂ ನೋಡಲೇಬೇಕು. ಅವಸರದ್ದು ಚೆಂದವಾಗಿಯೇ ಇದೆ, ಆದರೆ ನನ್ನ ಮನಸ್ಸು ಪೂರ್ತಿಯಾಗದ್ದರ ಕಡೆಗೇ.

ಕೊಂಬಿನ ಶಿರಸ್ತ್ರಾಣವನ್ನೂ ಬಿಡಬೇಡಿ. ಪವಿತ್ರ ರೋಮನ್ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಹೆನ್ರಿಗೆ ಕೊಟ್ಟ ಉಡುಗೊರೆ. ಇನ್ಸ್‌ಬ್ರುಕ್‌ನ ಕವಚಗಾರ ಕೊನ್ರಾಡ್ ಸೊಯ್ಸೆನ್‌ಹೋಫರ್ ಮಾಡಿದ್ದು. ಟಗರಿನ ಕೊಂಬು, ಕನ್ನಡಕ, ಹಲ್ಲು ಕಿರಿದ ಮುಖ. ಹತ್ತಿರ ಹೋದರೆ ಗಲ್ಲದ ಕುರುಚಲು ಗಡ್ಡವನ್ನೂ ಉಕ್ಕಿನಲ್ಲಿ ಕೆತ್ತಿರುವುದು ಕಾಣುತ್ತದೆ. ಮೆರವಣಿಗೆಯಲ್ಲಿ ಜನ ನೋಡಲಿ ಎಂದೇ ಮಾಡಿದ್ದು.

ಈಸ್ಟರ್ ಹೊತ್ತಿಗೆ ಹೊರಗಿನ ಅಖಾಡದಲ್ಲಿ ಜೌಸ್ಟಿಂಗ್, ಅಂದರೆ ಕುದುರೆ ಮೇಲೆ ಈಟಿ ಹಿಡಿದು ಎದುರುಬದುರಾಗಿ ನುಗ್ಗುವ ಪಂದ್ಯ ಇಡುವುದುಂಟು. ಅದಕ್ಕೆ ಟಿಕೆಟ್ ಬೇರೆ. ಮೊದಲು ಗ್ಯಾಲರಿ ನೋಡಿಯೇ ಹೋಗಿ. ಸವಾರರು ನಡುವಿನ ಬೇಲಿಯನ್ನು ಎಡಕ್ಕಿಟ್ಟುಕೊಂಡು ಬರುತ್ತಾರೆ, ಈಟಿಯ ಏಟು ಬೀಳುವುದು ಎಡಮೈಗೆ. ಜೌಸ್ಟಿಂಗ್ ಕವಚಗಳಲ್ಲಿ ಎಡಭುಜಕ್ಕೆ ಮಾತ್ರ ಯಾಕೆ ಅಷ್ಟು ದಪ್ಪ ತಗಡು ಎಂಬುದು ಆಗ ತಾನಾಗಿ ತಿಳಿಯುತ್ತದೆ.